ಚರ್ಮದ ಕ್ಯಾನ್ಸರ್: ಆರಂಭಿಕ ಎಚ್ಚರಿಕೆಯ ಲಕ್ಷಣಗಳು

ಬೇಮಳಖೇಡ ಹಾಗೂ ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಪೀಠಿಕೆ

ಚರ್ಮವು ಮಾನವ ದೇಹದ ಅತಿ ದೊಡ್ಡ ಅಂಗವಾಗಿದೆ. ದೇಹದ ಒಳಗಿನ ಅಂಗಗಳಲ್ಲಿ ಹುಟ್ಟುವ ಕ್ಯಾನ್ಸರ್ ರೋಗವನ್ನು ಪತ್ತೆ ಹಚ್ಚಲು ಯಂತ್ರಗಳ ನೆರವು ಬೇಕಾಗುತ್ತದೆ. ಚರ್ಮದ ಕ್ಯಾನ್ಸರ್ ಹಾಗಲ್ಲ. ಅದು ಬರಿಗಣ್ಣಿಗೆ ಕಾಣುವ ಸ್ಥಳದಲ್ಲಿಯೇ ಹುಟ್ಟುತ್ತದೆ. ಬಹುತೇಕ ಸಂದರ್ಭಗಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆರಂಭದ ಹಂತದಲ್ಲಿ ಗುರುತಿಸಿದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಬಹುದಾಗಿದೆ.

ಹೀಗಿದ್ದರೂ ಅನೇಕ ರೋಗಿಗಳು ಗಾಯವು ದೊಡ್ಡದಾಗಿ, ರಕ್ತ ಅಥವಾ ದುರ್ವಾಸನೆ ಕಾಣಿಸಿಕೊಂಡ ನಂತರವೇ ಆಸ್ಪತ್ರೆಗೆ ಬರುತ್ತಾರೆ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ಆರಂಭದಲ್ಲಿ ಈ ರೋಗಕ್ಕೆ ನೋವಿರುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ರೋಗವೆಂದು ಭಾವಿಸುವುದಿಲ್ಲ. ಎರಡನೆಯದು, ಚರ್ಮದ ಕ್ಯಾನ್ಸರ್ ಕುರಿತು ಪ್ರಚಾರದಲ್ಲಿರುವ ಮಾಹಿತಿಯಲ್ಲಿ ಬಹುಪಾಲು ಬಿಳಿ ಚರ್ಮದ ಜನರನ್ನು ಕುರಿತದ್ದಾಗಿದೆ. ಕಂದು ಮತ್ತು ಕಪ್ಪು ಚರ್ಮದವರಲ್ಲಿ ಈ ರೋಗವು ಅನೇಕ ವೇಳೆ ಬೇರೆಯೇ ಸ್ಥಳಗಳಲ್ಲಿ, ಬೇರೆಯೇ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಾಲು, ಉಗುರಿನ ಬುಡ, ಹಳೆಯ ಸುಟ್ಟ ಕಲೆ, ಸೀರೆ ಅಥವಾ ಧೋತರ ಕಟ್ಟುವ ನಡ ಇವು ಅಂತಹ ಸ್ಥಳಗಳು. ಇವುಗಳನ್ನು ಯಾರೂ ನಿತ್ಯ ಗಮನಿಸುವುದಿಲ್ಲ. ಈ ಸ್ಥಳಗಳಲ್ಲಿ ಏನನ್ನು ನೋಡಬೇಕು, ಯಾವಾಗ ವೈದ್ಯರಿಗೆ ತೋರಿಸಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಚರ್ಮದ ಕ್ಯಾನ್ಸರ್ ಎಂದರೇನು?

ಚರ್ಮದ ಜೀವಕೋಶಗಳು ನಿಯಂತ್ರಣ ತಪ್ಪಿ ಬೆಳೆಯುವುದನ್ನು ಚರ್ಮದ ಕ್ಯಾನ್ಸರ್ ಅಥವಾ ಚರ್ಮದ ಅರ್ಬುದ ರೋಗ ಎಂದು ಕರೆಯಲಾಗುತ್ತದೆ. ಇದು ಅಂಟುರೋಗವಲ್ಲ. ರೋಗಿಯನ್ನು ಮುಟ್ಟುವುದರಿಂದ, ಜೊತೆಯಲ್ಲಿ ಊಟ ಮಾಡುವುದರಿಂದ ಹರಡುವುದಿಲ್ಲ. ಇದರಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ.

1. ಬೇಸಲ್ ಸೆಲ್ ಕಾರ್ಸಿನೋಮ: ಇದು ಹೆಚ್ಚಾಗಿ ಮುಖದಲ್ಲಿ, ಅದರಲ್ಲಿಯೂ ಮೂಗು, ಕಣ್ಣಿನ ಕೆಳಭಾಗ ಮತ್ತು ಕಿವಿಯ ಬಳಿ ಕಂಡುಬರುತ್ತದೆ. ಮುತ್ತಿನಂತೆ ಹೊಳೆಯುವ ಚಿಕ್ಕ ಗುಳ್ಳೆಯಾಗಿ ಆರಂಭವಾಗುತ್ತದೆ. ಭಾರತೀಯರ ಚರ್ಮದಲ್ಲಿ ಇದು ಅನೇಕ ವೇಳೆ ಕಪ್ಪು ಬಣ್ಣದ್ದಾಗಿರುವುದರಿಂದ ಮಚ್ಚೆಯೆಂದು ತಪ್ಪಾಗಿ ತಿಳಿಯಲಾಗುತ್ತದೆ. ಕೆಲ ಕಾಲದ ನಂತರ ನಡುವೆ ಹುಣ್ಣಾಗಿ, ಸುತ್ತ ಉಬ್ಬಿದ ಅಂಚು ಉಳಿಯುತ್ತದೆ. ದೇಹದ ಇತರ ಭಾಗಗಳಿಗೆ ಹರಡುವುದು ತೀರಾ ವಿರಳ. ಆದರೆ ಅಲಕ್ಷಿಸಿದಲ್ಲಿ ಮೂಗು, ಕಣ್ಣಿನ ರೆಪ್ಪೆ ಮುಂತಾದ ಭಾಗಗಳನ್ನು ತಿಂದುಹಾಕುತ್ತದೆ.

2. ಸ್ಕ್ವಾಮಸ್ ಸೆಲ್ ಕಾರ್ಸಿನೋಮ: ಇದು ಒರಟಾದ ಗಂಟು, ಹೂಕೋಸಿನಂತಹ ಬೆಳವಣಿಗೆ ಅಥವಾ ಮಾಯದ ಹುಣ್ಣಿನ ರೂಪದಲ್ಲಿ ಕಾಣಿಸುತ್ತದೆ. ಹಳೆಯ ಸುಟ್ಟ ಕಲೆ, ಬಹುಕಾಲದ ಗಾಯ ಮತ್ತು ಸದಾ ಉಜ್ಜುವ ಸ್ಥಳಗಳಲ್ಲಿ ಹುಟ್ಟುವ ಕ್ಯಾನ್ಸರ್ ಬಹುಪಾಲು ಈ ವಿಧದ್ದೇ ಆಗಿರುತ್ತದೆ. ತಡವಾದಲ್ಲಿ ಹತ್ತಿರದ ದುಗ್ಧರಸ ಗ್ರಂಥಿಗಳಿಗೆ ಹರಡಬಹುದು.

3. ಮೆಲನೋಮ: ಚರ್ಮಕ್ಕೆ ಬಣ್ಣ ನೀಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಮೂರರಲ್ಲಿ ಅತ್ಯಂತ ವಿರಳವಾದರೂ ಅತ್ಯಂತ ಅಪಾಯಕಾರಿ. ರಕ್ತ ಮತ್ತು ದುಗ್ಧರಸದ ಮೂಲಕ ಶ್ವಾಸಕೋಶ, ಯಕೃತ್ತು, ಮೆದುಳಿಗೆ ಹರಡಬಲ್ಲದು.

ಕಪ್ಪು ಚರ್ಮದವರಿಗೆ ಈ ರೋಗ ಬರುವುದಿಲ್ಲವೇ?

ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆಯುತ್ತದೆ. ಆದುದರಿಂದ ಆಸ್ಟ್ರೇಲಿಯ, ಯುರೋಪ್, ಅಮೆರಿಕದ ಬಿಳಿಯರಿಗೆ ಹೋಲಿಸಿದಲ್ಲಿ ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಪ್ರಮಾಣ ಬಹಳ ಕಡಿಮೆಯಾಗಿದೆ. ತೊಗರಿ, ಉದ್ದು, ಸೋಯಾ, ಕಬ್ಬಿನ ಹೊಲಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಬೀದರ್ ಜಿಲ್ಲೆಯ ರೈತರಿಗೆ ಈ ರಕ್ಷಣೆ ಹುಟ್ಟಿನಿಂದಲೇ ಬಂದಿದೆ.

ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ಮೆಲನಿನ್ ಬಿಸಿಲಿನಿಂದ ಮಾತ್ರ ಕಾಪಾಡುತ್ತದೆ. ಬಿಸಿಲಿಗೆ ಸಂಬಂಧವಿಲ್ಲದ ಕಾರಣಗಳಿಂದ ಬರುವ ಕ್ಯಾನ್ಸರ್‌ನಿಂದ ಕಾಪಾಡುವುದಿಲ್ಲ. ಅಂಗಾಲಿನಲ್ಲಿ ಹಾಗೂ ಉಗುರಿನ ಕೆಳಗೆ ಬರುವ ಮೆಲನೋಮ ಇದಕ್ಕೆ ಉದಾಹರಣೆ. ಜಮೈಕಾದ ವಿಶ್ವವಿಖ್ಯಾತ ಗಾಯಕ ಬಾಬ್ ಮಾರ್ಲಿಯವರ ಕಾಲಿನ ಹೆಬ್ಬೆರಳ ಉಗುರಿನ ಕೆಳಗೆ 1977ರಲ್ಲಿ ಮೆಲನೋಮ ಪತ್ತೆಯಾಯಿತು. ರೋಗವು ಹರಡಿ 1981ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ವಿರಳವಾದ ರೋಗವೆಂಬ ಕಾರಣದಿಂದ ಇನ್ನೊಂದು ತೊಡಕೂ ಉಂಟಾಗಿದೆ. ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ಮೇಲ್ಪಟ್ಟವರಿಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಮಾಡಲಾಗುತ್ತದೆ. ಚರ್ಮದ ಕ್ಯಾನ್ಸರ್ ಈ ಪಟ್ಟಿಯಲ್ಲಿಲ್ಲ. ಆದುದರಿಂದ ಚರ್ಮದಲ್ಲಿನ ಬದಲಾವಣೆಯನ್ನು ಮೊದಲು ನೋಡಬೇಕಾದವರು ಆ ವ್ಯಕ್ತಿ ಮತ್ತು ಆತನ ಮನೆಯವರೇ ಆಗಿರುತ್ತಾರೆ.

ನಾಲ್ಕು ವಾರಗಳ ನಿಯಮ

ಸಾಮಾನ್ಯ ಗಾಯವು ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಚರ್ಮದ ಮೇಲಿನ ಯಾವುದೇ ಗಾಯ, ಹುಣ್ಣು ಅಥವಾ ಗುಳ್ಳೆಯು ನಾಲ್ಕು ವಾರಗಳಲ್ಲಿ ಮಾಯದೇ ಇದ್ದಲ್ಲಿ ವೈದ್ಯರಿಗೆ ತೋರಿಸಬೇಕು. ಮಾಯಿತೆಂದು ತೋರಿ ಅದೇ ಸ್ಥಳದಲ್ಲಿ ಮತ್ತೆ ಒಡೆಯುವ ಗಾಯಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಮಧುಮೇಹವಿರುವವರು ತಮ್ಮ ಗಾಯ ಮಾಯದಿರುವುದಕ್ಕೆ ಸಕ್ಕರೆ ಕಾಯಿಲೆಯೇ ಕಾರಣವೆಂದು ತಾವಾಗಿಯೇ ತೀರ್ಮಾನಿಸಬಾರದು.

ನೋಡಬೇಕಾದ ಸ್ಥಳಗಳು ಮತ್ತು ಲಕ್ಷಣಗಳು

1. ಅಂಗಾಲು ಮತ್ತು ಅಂಗೈ

ಬರಿಗಾಲಲ್ಲಿ ನಡೆಯುವವರ ಅಂಗಾಲಿನಲ್ಲಿ ಮುಳ್ಳು ಚುಚ್ಚಿದ ಗುರುತು, ಆಣಿ, ಸೀಳು ಇರುವುದು ಸಹಜ. ಇವುಗಳ ನಡುವೆ ಹೊಸದಾಗಿ ಕಾಣಿಸಿಕೊಂಡ ಕಪ್ಪು ಅಥವಾ ಕಡುಕಂದು ಕಲೆ ಗಮನಕ್ಕೆ ಬರುವುದಿಲ್ಲ. ಕಲೆಯು ದಿನದಿಂದ ದಿನಕ್ಕೆ ಅಗಲವಾಗುವುದು, ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣಗಳಿರುವುದು, ಅಂಚು ಒಡೆದ ನಕ್ಷೆಯಂತೆ ಅಂಕುಡೊಂಕಾಗಿರುವುದು, ನಡುವೆ ಗಂಟು ಏಳುವುದು ಅಥವಾ ನೀರು ಒಸರುವುದು ಎಚ್ಚರಿಕೆಯ ಲಕ್ಷಣಗಳಾಗಿವೆ. ಕೆಲವು ಮೆಲನೋಮಗಳಿಗೆ ಕಪ್ಪು ಬಣ್ಣವೇ ಇರುವುದಿಲ್ಲ. ಅವು ಕೆಂಪಾದ, ಮಾಯದ ಹುಣ್ಣಿನಂತೆ ಮಾತ್ರ ಕಾಣುತ್ತವೆ. ಇಂತಹ ಹುಣ್ಣಿನ ಜೊತೆಗೆ ಅದೇ ಕಾಲಿನ ತೊಡೆಸಂದಿಯಲ್ಲಿ ಗಡ್ಡೆ ಕೈಗೆ ಸಿಕ್ಕಿದಲ್ಲಿ ಒಂದು ದಿನವನ್ನೂ ತಡಮಾಡಬಾರದು.

2. ಉಗುರು

ಕಪ್ಪು ಚರ್ಮದವರ ಹಲವು ಉಗುರುಗಳಲ್ಲಿ ತೆಳುವಾದ ಕಂದು ಗೆರೆಗಳಿರುವುದು ಸಾಮಾನ್ಯವಾಗಿದ್ದು, ಇದು ರೋಗವಲ್ಲ. ಆದರೆ ಒಂದೇ ಉಗುರಿನಲ್ಲಿ, ವಿಶೇಷವಾಗಿ ಕೈ ಅಥವಾ ಕಾಲಿನ ಹೆಬ್ಬೆರಳಿನಲ್ಲಿ, ವಯಸ್ಕರಲ್ಲಿ ಹೊಸದಾಗಿ ಕಾಣಿಸಿಕೊಂಡ ಕಪ್ಪು ಪಟ್ಟಿಯನ್ನು ಗಮನಿಸಬೇಕು. ಪಟ್ಟಿಯು 3 ಮಿ.ಮೀ.ಗಿಂತ ಅಗಲವಾಗಿದ್ದರೆ, ಬುಡದ ಕಡೆ ಅಗಲವಾಗುತ್ತಾ ಹೋದರೆ ಅಥವಾ ಉಗುರು ಸೀಳಿದರೆ ತೋರಿಸಬೇಕು. ಉಗುರಿನ ಕಪ್ಪು ಬಣ್ಣವು ಪಕ್ಕದ ಚರ್ಮಕ್ಕೂ ಹರಡಿದ್ದರೆ ಅದು ಬಲವಾದ ಎಚ್ಚರಿಕೆ. ಇದನ್ನು ಇಂಗ್ಲೆಂಡಿನ ವೈದ್ಯ ಜೊನಾಥನ್ ಹಚಿನ್‌ಸನ್ 19ನೆಯ ಶತಮಾನದಲ್ಲಿ ವಿವರಿಸಿದ್ದು, ಇಂದಿಗೂ ಹಚಿನ್‌ಸನ್ ಚಿಹ್ನೆ ಎಂದೇ ಕರೆಯಲಾಗುತ್ತದೆ. ಕಲ್ಲು ಬಿದ್ದು ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿದ ಕಪ್ಪು ಕಲೆಯು ಉಗುರು ಬೆಳೆದಂತೆ ತುದಿಯ ಕಡೆಗೆ ಸರಿಯುತ್ತದೆ. ಸರಿಯದೇ ಅಲ್ಲಿಯೇ ಉಳಿದ ಕಲೆಯನ್ನು ಪೆಟ್ಟಿನ ಗುರುತೆಂದು ಬಿಡಬಾರದು.

3. ಹಳೆಯ ಸುಟ್ಟ ಕಲೆ ಮತ್ತು ಬಹುಕಾಲದ ಗಾಯ

ಒಲೆ, ಸೀಮೆಎಣ್ಣೆ ದೀಪ, ಬೆಲ್ಲದ ಕೊಪ್ಪರಿಗೆ, ಬಿಸಿನೀರು ಇತ್ಯಾದಿಗಳಿಂದ ಬಾಲ್ಯದಲ್ಲಿ ಸುಟ್ಟುಕೊಂಡವರ ಕಲೆಯಲ್ಲಿ ಹಲವು ವರ್ಷಗಳ ನಂತರ ಕ್ಯಾನ್ಸರ್ ಹುಟ್ಟಬಹುದು. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿ ಕಲೆಗಳ ಮೇಲೇಳುವ ಹುಣ್ಣುಗಳನ್ನು ವಿವರಿಸಿದರು. ಇದರಿಂದಾಗಿ ಇಂತಹ ಕ್ಯಾನ್ಸರ್‌ಗೆ ಮಾರ್ಜೊಲಿನ್ ಹುಣ್ಣು ಎಂದು ಹೆಸರು ಬಂದಿದೆ. ಸುಟ್ಟ ಘಟನೆಗೂ ಕ್ಯಾನ್ಸರ್‌ಗೂ ನಡುವೆ ಸರಾಸರಿ 30 ವರ್ಷಗಳ ಅಂತರವಿರುತ್ತದೆ. ಆದುದರಿಂದಲೇ ರೋಗಿಗೆ ಎರಡರ ಸಂಬಂಧ ಹೊಳೆಯುವುದಿಲ್ಲ. ವರ್ಷಗಳಿಂದ ತಣ್ಣಗಿದ್ದ ಕಲೆಯು ಇದ್ದಕ್ಕಿದ್ದಂತೆ ಒಡೆಯುವುದು, ಗಟ್ಟಿಯಾಗುವುದು, ಅಂಚು ಮೇಲಕ್ಕೆ ಮಡಚಿಕೊಳ್ಳುವುದು, ಮುಟ್ಟಿದರೆ ರಕ್ತ ಬರುವುದು ಇದರ ಲಕ್ಷಣಗಳು. ಮೊಣಕಾಲು, ಮೊಣಕೈ ಮುಂತಾದ ಕೀಲುಗಳ ಮೇಲಿನ ಕಲೆಗಳು ಪದೇ ಪದೇ ಸೀಳುವುದರಿಂದ ಅಲ್ಲಿ ಹೆಚ್ಚಿನ ಎಚ್ಚರಿಕೆ ಅಗತ್ಯ.

ಬರೆ ಹಾಕಿದ ಗುರುತು, ಮೂಳೆಯಿಂದ ಕೀವು ಸೋರುವ ಹಳೆಯ ಗಾಯ, ಕಾಲಿನ ಉಬ್ಬಿದ ರಕ್ತನಾಳಗಳಿಂದಾದ ಹುಣ್ಣು, ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಅಂಗಾಲಿನ ಹುಣ್ಣು ಇವುಗಳಲ್ಲಿಯೂ ಹೀಗಾಗಬಹುದು. ಹತ್ತಾರು ವರ್ಷಗಳಿಂದ ಒಂದೇ ರೀತಿಯಲ್ಲಿದ್ದ ಗಾಯವು ರೂಪ ಬದಲಿಸಿದಾಗ ಹಳೆಯ ಗಾಯವೆಂದು ಸುಮ್ಮನಿರಬಾರದು.

4. ನಡ

ಸೀರೆಯ ಒಳಲಂಗದ ಲಾಡಿಯನ್ನು ಅಥವಾ ಧೋತರವನ್ನು ಒಂದೇ ಸ್ಥಳದಲ್ಲಿ ಬಿಗಿಯಾಗಿ ಕಟ್ಟುವುದರಿಂದ ಚರ್ಮವು ದಶಕಗಳ ಕಾಲ ಉಜ್ಜಲ್ಪಡುತ್ತದೆ. ಬೆವರು ಮತ್ತು ಧೂಳು ಅಲ್ಲಿ ಸೇರಿಕೊಳ್ಳುತ್ತವೆ. ಮೊದಲು ಕಪ್ಪಾಗಿ, ಒರಟಾಗಿ, ತುರಿಕೆಯಿಂದ ಕೂಡಿದ ಪಟ್ಟೆ ಮೂಡುತ್ತದೆ. ಕೆಲವರಲ್ಲಿ ಅದು ಹುಣ್ಣಾಗಿ, ಅತಿ ವಿರಳವಾಗಿ ಕ್ಯಾನ್ಸರ್ ಆಗುತ್ತದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ಡಾ. ವಿ. ಆರ್. ಖಾನೋಲ್ಕರ್ ಅವರು ಸಹೋದ್ಯೋಗಿಯೊಂದಿಗೆ 1945ರಲ್ಲಿ ಇದನ್ನು ಧೋತಿ ಕ್ಯಾನ್ಸರ್ ಎಂದು ವಿವರಿಸಿದರು. ಹೊಟ್ಟೆಗೆ ತಾಗುವಂತೆ ಕೆಂಡದ ಕುಂಡಿಕೆ ಇಟ್ಟುಕೊಳ್ಳುವ ಕಾಶ್ಮೀರಿಗಳಲ್ಲಿ ಕಂಡುಬರುವ ಕಾಂಗ್ಡಿ ಕ್ಯಾನ್ಸರ್ ಸಹ ಇದೇ ರೀತಿ ರೂಢಿಯಿಂದ ಬರುವಂತಹದು.

ಮಹಾರಾಷ್ಟ್ರದ ವರ್ಧಾ ಮತ್ತು ಬಿಹಾರದ ವೈದ್ಯರು 2024ರಲ್ಲಿ ಇಬ್ಬರು ವೃದ್ಧ ಮಹಿಳೆಯರ ನಡದ ಹುಣ್ಣುಗಳ ಬಗ್ಗೆ ವರದಿ ಪ್ರಕಟಿಸಿದರು. ಒಬ್ಬರಲ್ಲಿ ಹುಣ್ಣು 18 ತಿಂಗಳಿಂದ ಮಾಯದೇ ಇತ್ತು. ಇನ್ನೊಬ್ಬರು ಆಸ್ಪತ್ರೆಗೆ ಬರುವ ವೇಳೆಗೆ ಕ್ಯಾನ್ಸರ್ ತೊಡೆಸಂದಿಯ ಗ್ರಂಥಿಗೆ ಹರಡಿತ್ತು. ನಡದ ಮೇಲಿನ ಹುಣ್ಣನ್ನು ತೋರಿಸಲು ಮಹಿಳೆಯರು ಸಂಕೋಚಪಡುವುದು ತಡವಾಗುವುದಕ್ಕೆ ಒಂದು ಕಾರಣವಾಗಬಲ್ಲದು. ಲಾಡಿಯನ್ನು ಸಡಿಲವಾಗಿ ಕಟ್ಟುವುದು, ಅಗಲವಾದ ಪಟ್ಟಿಯನ್ನು ಬಳಸುವುದು, ಕಟ್ಟುವ ಸ್ಥಳವನ್ನು ಆಗಾಗ ಬದಲಿಸುವುದು ಸುಲಭವಾದ ಮುನ್ನೆಚ್ಚರಿಕೆಯಾಗಿದೆ. ಪುರುಷರು ಉಡದಾರ ಉಜ್ಜುವ ಸ್ಥಳವನ್ನೂ ನೋಡಿಕೊಳ್ಳಬೇಕು.

5. ಮುಖ, ಕಿವಿ ಮತ್ತು ಕೆಳತುಟಿ

ಇವು ಬಿಸಿಲಿಗೆ ಹೆಚ್ಚು ಒಡ್ಡಿಕೊಳ್ಳುವ ಭಾಗಗಳಾಗಿವೆ. ಹೊಳೆಯುವ ಕಪ್ಪು ಗುಳ್ಳೆ, ಹಕ್ಕಳೆಗಟ್ಟಿ ಉದುರಿ ಮತ್ತೆ ಹಕ್ಕಳೆಗಟ್ಟುವ ಹುಣ್ಣು, ಮುಖ ತೊಳೆಯುವಾಗ ಪದೇ ಪದೇ ರಕ್ತ ಬರುವ ಮಚ್ಚೆ, ಕೆಳತುಟಿಯ ಒರಟಾದ ಬಿಳಿ ಮಚ್ಚೆ ಕಂಡುಬಂದಲ್ಲಿ ತೋರಿಸಬೇಕು.

ಮಚ್ಚೆಯನ್ನು ಪರೀಕ್ಷಿಸುವ ಐದು ಅಂಶಗಳು

ಬಹುತೇಕ ಎಲ್ಲರ ಮೈಮೇಲೆ ಮಚ್ಚೆಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವು ನಿರುಪದ್ರವಿಗಳು. ಸಂಶಯಾಸ್ಪದ ಮಚ್ಚೆಯನ್ನು ಗುರುತಿಸಲು ಜಗತ್ತಿನಾದ್ಯಂತ ವೈದ್ಯರು ಈ ಐದು ಅಂಶಗಳನ್ನು ಬಳಸುತ್ತಾರೆ.

- ಆಕಾರ: ಮಚ್ಚೆಯ ನಡುವೆ ಗೆರೆ ಎಳೆದಂತೆ ಊಹಿಸಿದಾಗ ಎರಡೂ ಭಾಗಗಳು ಒಂದೇ ರೀತಿ ಇಲ್ಲದಿರುವುದು.
- ಅಂಚು: ಅಂಚು ಸ್ಪಷ್ಟವಾಗಿಲ್ಲದೆ ಹರಡಿದಂತಿರುವುದು ಅಥವಾ ಅಂಕುಡೊಂಕಾಗಿರುವುದು.
- ಬಣ್ಣ: ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ಕೆಂಪು, ನೀಲಿ, ಬಿಳಿ ಬಣ್ಣಗಳು ಬೆರೆತಿರುವುದು.
- ಅಳತೆ: 6 ಮಿ.ಮೀ.ಗಿಂತ, ಅಂದರೆ ಸುಮಾರು ಪೆನ್ಸಿಲ್ ದಪ್ಪಕ್ಕಿಂತ, ಅಗಲವಾಗಿರುವುದು.
- ಬದಲಾವಣೆ: ವಾರಗಳು ಅಥವಾ ತಿಂಗಳುಗಳಲ್ಲಿ ಗಾತ್ರ, ಬಣ್ಣ, ಎತ್ತರ ಬದಲಾಗುವುದು, ತುರಿಕೆ ಅಥವಾ ರಕ್ತಸ್ರಾವ ಕಾಣಿಸುವುದು.

ಇವುಗಳಲ್ಲಿ ಕೊನೆಯದು ಅತ್ಯಂತ ಮುಖ್ಯವಾದುದು. ಹುಟ್ಟಿನಿಂದ ಇರುವ ದೊಡ್ಡ ಮಚ್ಚೆಗಿಂತ ಆರು ತಿಂಗಳಲ್ಲಿ ಬದಲಾದ ಚಿಕ್ಕ ಮಚ್ಚೆಯೇ ಹೆಚ್ಚು ಸಂಶಯಕ್ಕೆ ಅರ್ಹ.

ಕುಡಿಯುವ ನೀರು ಮತ್ತು ಚರ್ಮ: ಯಾದಗಿರಿ ಜಿಲ್ಲೆಯ ಪಾಠ

ಚರ್ಮದ ಕ್ಯಾನ್ಸರ್‌ಗೆ ಬಿಸಿಲು ಮತ್ತು ಗಾಯಗಳಲ್ಲದೆ ಶಂಖಪಾಷಾಣ, ಅಂದರೆ ಆರ್ಸೆನಿಕ್, ಬೆರೆತ ನೀರು ಸಹ ಕಾರಣವಾಗುತ್ತದೆ. ಇದರ ನಿದರ್ಶನ ಕಲಬುರಗಿ ವಿಭಾಗದಲ್ಲಿಯೇ ದೊರೆತಿದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾವು ಮಂಗಳೂರು ಎಂಬ ಗ್ರಾಮದ ಹಳೆಯ ಚಿನ್ನದ ಗಣಿಗಳ ಸಮೀಪದಲ್ಲಿದೆ (ಇದು ಕರಾವಳಿಯ ಮಂಗಳೂರಲ್ಲ). ಈ ಪ್ರದೇಶದ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಲಾಯಿತು. ಶೇ. 79ರಷ್ಟು ಮಾದರಿಗಳಲ್ಲಿ ಆರ್ಸೆನಿಕ್ ಪ್ರಮಾಣ ಲೀಟರಿಗೆ 10 ಮೈಕ್ರೊಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತಿ ಹೆಚ್ಚು ಎಂದರೆ 303 ಮೈಕ್ರೊಗ್ರಾಂ ಇತ್ತು. ತಪಾಸಣೆಗೆ ಒಳಗಾದ 181 ಜನರಲ್ಲಿ ಶೇ. 58.6ರಷ್ಟು ಜನರ ಚರ್ಮದಲ್ಲಿ ಆರ್ಸೆನಿಕ್‌ನ ಲಕ್ಷಣಗಳು ಕಂಡುಬಂದವು.

ಆರ್ಸೆನಿಕ್‌ನ ಲಕ್ಷಣಗಳು ಕ್ಯಾನ್ಸರ್‌ಗಿಂತ ಬಹಳ ಮುಂಚೆಯೇ ಕಾಣಿಸುತ್ತವೆ. ಎದೆ ಮತ್ತು ಬೆನ್ನಿನ ಮೇಲೆ ಮಳೆಹನಿ ಬಿದ್ದಂತಹ ಕಪ್ಪು-ಬಿಳಿ ಚುಕ್ಕೆಗಳು ಮೂಡುತ್ತವೆ. ಎರಡೂ ಅಂಗೈ ಮತ್ತು ಅಂಗಾಲುಗಳಲ್ಲಿ ಜೋಳದ ಕಾಳಿನಂತಹ ಗಟ್ಟಿ ಗಂಟುಗಳು ಏಳುತ್ತವೆ. ಒಂದೇ ಕೊಳವೆಬಾವಿಯ ನೀರು ಕುಡಿಯುವ ಹಲವರಲ್ಲಿ ಇವು ಒಟ್ಟಿಗೆ ಕಂಡುಬಂದಲ್ಲಿ ಆರೋಗ್ಯ ಸಿಬ್ಬಂದಿಯ ಗಮನಕ್ಕೆ ತಂದು ನೀರಿನ ಪರೀಕ್ಷೆ ಮಾಡಿಸಬೇಕು. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಇಲ್ಲ. ನೀರನ್ನು ಕುದಿಸುವುದರಿಂದ ಅದು ಹೋಗುವುದಿಲ್ಲ. ಶುದ್ಧ ನೀರಿಗೆ ಬದಲಾದ ಅನೇಕ ವರ್ಷಗಳ ನಂತರವೂ ಕ್ಯಾನ್ಸರ್ ಬರುವ ಸಾಧ್ಯತೆ ಇರುವುದರಿಂದ ಇಂತಹವರು ನಿಯಮಿತವಾಗಿ ಚರ್ಮವನ್ನು ಪರೀಕ್ಷಿಸಿಕೊಳ್ಳುತ್ತಿರಬೇಕು.

ಹೆಚ್ಚಿನ ಎಚ್ಚರಿಕೆ ವಹಿಸಬೇಕಾದವರು

- ಹಳೆಯ ಸುಟ್ಟ ಕಲೆ ಅಥವಾ ವರ್ಷಗಟ್ಟಲೆ ಮಾಯದ ಗಾಯವಿರುವವರು.
- ಹುಟ್ಟಿನಿಂದಲೇ ಮೈ, ಕೂದಲು, ರೆಪ್ಪೆ ಬಿಳಿಯಾಗಿರುವವರು. ಇವರಲ್ಲಿ ಮೆಲನಿನ್ ರಕ್ಷಣೆ ಇಲ್ಲದಿರುವುದರಿಂದ ಚಿಕ್ಕ ವಯಸ್ಸಿನಿಂದಲೇ ಬಿಸಿಲಿನಿಂದ ದೂರವಿರಿಸಬೇಕು.
- ಬಿಸಿಲಿಗೆ ಬಂದೊಡನೆ ಕಣ್ಣು ಮುಚ್ಚಿಕೊಳ್ಳುವ, ಎರಡು ವರ್ಷದೊಳಗೇ ಮುಖದ ತುಂಬ ಕಪ್ಪು ಚುಕ್ಕೆಗಳು ಮೂಡಿದ ಮಕ್ಕಳು. ಇದು ಜೀರೊಡರ್ಮ ಪಿಗ್ಮೆಂಟೋಸಮ್ ಎಂಬ ಆನುವಂಶಿಕ ರೋಗವಾಗಿರಬಹುದು. ರಕ್ತಸಂಬಂಧದಲ್ಲಿ ವಿವಾಹವಾದವರ ಮಕ್ಕಳಲ್ಲಿ ಇದರ ಸಂಭವ ಹೆಚ್ಚು. ಈ ಮಕ್ಕಳಿಗೆ ಬಾಲ್ಯದಲ್ಲಿಯೇ ಚರ್ಮದ ಕ್ಯಾನ್ಸರ್ ಬರಬಹುದು.
- ಮೂತ್ರಪಿಂಡ ಕಸಿ ಮುಂತಾದ ಕಾರಣಗಳಿಗಾಗಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿ ಸೇವಿಸುತ್ತಿರುವವರು.
- ಹಿಂದೆ ಒಮ್ಮೆ ಚರ್ಮದ ಕ್ಯಾನ್ಸರ್ ಬಂದು ಗುಣವಾದವರು.

ಗಾಬರಿಪಡಬೇಕಾಗಿಲ್ಲದ ಕಲೆಗಳು

ಕೆನ್ನೆಯ ಮೇಲಿನ ಬಂಗು, ಚಿಬ್ಬು, ಕುತ್ತಿಗೆಯ ಸುತ್ತಲಿನ ಚಿಕ್ಕ ಜೋತಾಡುವ ಗಂಟುಗಳು, ವಯಸ್ಸಾದವರ ಮುಖದ ಮೇಲಿನ ಚಿಕ್ಕ ಕಪ್ಪು ಗುಳ್ಳೆಗಳು, ನರುಲಿ ಇವು ಕ್ಯಾನ್ಸರ್ ಅಲ್ಲ. ತೊನ್ನು ಸಹ ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆಯು ಕುಷ್ಠರೋಗದ ಲಕ್ಷಣವಾಗಿರಬಹುದು. ಇದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಬಹುಔಷಧಿ ಚಿಕಿತ್ಸೆ ದೊರೆಯುತ್ತದೆ. ಆದುದರಿಂದ ಕ್ಯಾನ್ಸರ್ ಅಲ್ಲದಿದ್ದರೂ ಅದನ್ನು ತೋರಿಸಲೇಬೇಕು.

ಮನೆಯಲ್ಲಿ ಚರ್ಮವನ್ನು ಪರೀಕ್ಷಿಸಿಕೊಳ್ಳುವ ವಿಧಾನ

ತಿಂಗಳಿಗೊಮ್ಮೆ, ಸ್ನಾನದ ನಂತರ, ಹಗಲು ಬೆಳಕಿನಲ್ಲಿ ಈ ಪರೀಕ್ಷೆಯನ್ನು ಮಾಡಿಕೊಳ್ಳಬೇಕು. ಇದಕ್ಕೆ ಹತ್ತು ನಿಮಿಷ ಸಾಕು.

1. ಮುಖ, ತುಟಿ, ಕಿವಿಯ ಹಿಂಭಾಗ ಹಾಗೂ ಕುತ್ತಿಗೆಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು.
2. ಎರಡೂ ಕೈಗಳ ಅಂಗೈ, ಬೆರಳುಗಳ ಸಂದಿ ಮತ್ತು ಹತ್ತು ಉಗುರುಗಳನ್ನು ನೋಡಬೇಕು. ಉಗುರಿಗೆ ಬಣ್ಣ ಅಥವಾ ಗೋರಂಟಿ ಹಚ್ಚುವವರು ಹಚ್ಚುವ ಮೊದಲು ಒಮ್ಮೆ ಪರೀಕ್ಷಿಸಬೇಕು.
3. ಕುಳಿತು ಅಂಗಾಲುಗಳನ್ನು ತೊಳೆದು ಒರೆಸಿ, ಬೆರಳಸಂದಿಗಳನ್ನು ಬಿಡಿಸಿ ನೋಡಬೇಕು.
4. ನಡದ ಸುತ್ತ ಕೈಯಾಡಿಸಿ ಗಟ್ಟಿಯಾದ ಅಥವಾ ಒರಟಾದ ಸ್ಥಳವಿದೆಯೇ ಎಂದು ತಿಳಿಯಬೇಕು.
5. ಬೆನ್ನು ಹಾಗೂ ತಲೆಯ ಚರ್ಮವನ್ನು ಮನೆಯವರಿಂದ ನೋಡಿಸಬೇಕು. ಬಾಗಲಾರದ, ಕಣ್ಣು ಮಂಜಾದ ವೃದ್ಧರ ಅಂಗಾಲನ್ನು ಮಕ್ಕಳು ಮೊಮ್ಮಕ್ಕಳೇ ಪರೀಕ್ಷಿಸಬೇಕು.
6. ಸಂಶಯವಿರುವ ಕಲೆಯ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನಿಟ್ಟು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ದಿನಾಂಕ ಬರೆದಿಡಬೇಕು. ಮುಂದಿನ ತಿಂಗಳು ಹೋಲಿಸಿ ನೋಡಲು ಇದು ನೆರವಾಗುತ್ತದೆ. ಆದರೆ ಸ್ಪಷ್ಟ ಎಚ್ಚರಿಕೆಯ ಲಕ್ಷಣವಿರುವಾಗ ಹೋಲಿಕೆಗಾಗಿ ಕಾಯಬಾರದು.

ಮಾಡಬಾರದ ಕೆಲಸಗಳು

- ಮಚ್ಚೆ ಅಥವಾ ಗಂಟಿಗೆ ಸುಣ್ಣ-ಸೋಡ, ಗೇರೆಣ್ಣೆ, ಆ್ಯಸಿಡ್ ಹಚ್ಚಿ ಸುಡಬಾರದು. ಮೇಲ್ಭಾಗ ಮಾತ್ರ ಸುಟ್ಟು, ಬೇರು ಒಳಗೇ ಉಳಿದು ರೋಗ ಮುಂದುವರಿಯುತ್ತದೆ.
- ಕುದುರೆ ಕೂದಲು ಅಥವಾ ದಾರ ಕಟ್ಟಿ ಕೀಳಬಾರದು. ಬ್ಲೇಡಿನಿಂದ ಕೊಯ್ಯಬಾರದು.
- ಅಂಗಾಲಿನ ಕಪ್ಪು ಕಲೆಯನ್ನು ಆಣಿಯೆಂದು ಭಾವಿಸಿ ಪದೇ ಪದೇ ಕೆತ್ತಬಾರದು.
- ವೈದ್ಯರ ಸಲಹೆಯಿಲ್ಲದೆ ಔಷಧ ಅಂಗಡಿಯಿಂದ ಸ್ಟಿರಾಯ್ಡ್ ಮುಲಾಮು ತಂದು ಹಚ್ಚಬಾರದು. ಇದು ತಾತ್ಕಾಲಿಕವಾಗಿ ಕೆಂಪು ಮತ್ತು ತುರಿಕೆಯನ್ನು ತಗ್ಗಿಸಿ ರೋಗವನ್ನು ಮರೆಮಾಡುತ್ತದೆ.
- ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟನ್ನು ಎಸೆಯಲು ಬಿಡಬಾರದು. ಅದನ್ನು ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳಿಕೊಂಡು, ವರದಿಯ ಪ್ರತಿಯನ್ನು ಜೋಪಾನವಾಗಿಡಬೇಕು.

ರೋಗವನ್ನು ಖಚಿತಪಡಿಸುವುದು ಹೇಗೆ?

ಕಣ್ಣಿನಿಂದ ನೋಡಿ ಸಂಶಯಪಡಬಹುದೇ ಹೊರತು ಖಚಿತವಾಗಿ ಹೇಳಲಾಗದು. ಮರಗಟ್ಟುವ ಚುಚ್ಚುಮದ್ದು ನೀಡಿ, ಹುಣ್ಣಿನ ಚಿಕ್ಕ ತುಣುಕನ್ನು ಅಥವಾ ಸಂಶಯದ ಮಚ್ಚೆಯನ್ನು ಪೂರ್ತಿಯಾಗಿ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದಕ್ಕೆ ಬಯಾಪ್ಸಿ ಎಂದು ಕರೆಯಲಾಗುತ್ತದೆ. ಸಾಮಾನ್ಯವಾಗಿ ರೋಗಿಯು ಅದೇ ದಿನ ಮನೆಗೆ ಹಿಂದಿರುಗಬಹುದು.

ಸೂಜಿ ತಾಗಿಸಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆ ತಪ್ಪು. ಹರಡುವುದು ಬಯಾಪ್ಸಿಯಿಂದಲ್ಲ, ವಿಳಂಬದಿಂದ. ಮೆಲನೋಮ ಚರ್ಮದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಮಿಲಿಮೀಟರ್‌ಗಳಲ್ಲಿ ಅಳೆದು ರೋಗಿಯ ಭವಿಷ್ಯವನ್ನು ಅಂದಾಜು ಮಾಡುವ ವಿಧಾನವನ್ನು ಅಮೆರಿಕದ ವೈದ್ಯ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟರು. 1 ಮಿ.ಮೀ.ಗಿಂತ ತೆಳುವಾಗಿರುವಾಗ ತೆಗೆದ ಮೆಲನೋಮ ಬಹುಪಾಲು ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯಿಂದಲೇ ಗುಣವಾಗುತ್ತದೆ. ಕೆಲವು ಮಿಲಿಮೀಟರ್ ಆಳಕ್ಕೆ ಇಳಿದ ಮೇಲೆ ಆ ಭರವಸೆ ಕುಗ್ಗುತ್ತಾ ಹೋಗುತ್ತದೆ. ಹಬ್ಬ ಮುಗಿಯಲಿ, ರಾಶಿ ಮುಗಿಯಲಿ ಎಂದು ಮುಂದೂಡುವ ತಿಂಗಳುಗಳಲ್ಲಿ ಈ ವ್ಯತ್ಯಾಸ ಉಂಟಾಗುತ್ತದೆ.

ಚಿಕಿತ್ಸೆ

ಮುಖ್ಯ ಚಿಕಿತ್ಸೆಯು ಶಸ್ತ್ರಚಿಕಿತ್ಸೆಯಾಗಿದೆ. ರೋಗಗ್ರಸ್ತ ಭಾಗವನ್ನು ಸುತ್ತಲಿನ ಸ್ವಲ್ಪ ಆರೋಗ್ಯಕರ ಚರ್ಮದೊಂದಿಗೆ ತೆಗೆಯಲಾಗುತ್ತದೆ. ಅಗತ್ಯವಿದ್ದಲ್ಲಿ ತೊಡೆಯ ಚರ್ಮವನ್ನು ಕಸಿ ಮಾಡಲಾಗುತ್ತದೆ. ಮೇಲ್ಪದರದಲ್ಲಿ ಮಾತ್ರವಿರುವ ಕೆಲವು ಬಗೆಗಳಿಗೆ ಮುಲಾಮು ಅಥವಾ ಅತಿಶೀತ ಚಿಕಿತ್ಸೆ ಸಾಕಾಗುತ್ತದೆ. ವಿಕಿರಣ ಚಿಕಿತ್ಸೆ ಮತ್ತು ಔಷಧಿಗಳನ್ನು ರೋಗದ ವಿಧ ಹಾಗೂ ಹಂತವನ್ನು ನೋಡಿ ನೀಡಲಾಗುತ್ತದೆ. ತಡವಾದ ಸಂದರ್ಭಗಳಲ್ಲಿ ಬೆರಳನ್ನೋ ಕಾಲನ್ನೋ ತೆಗೆಯಬೇಕಾಗಿ ಬರಬಹುದು. ದುಡಿದು ತಿನ್ನುವ ಕುಟುಂಬಕ್ಕೆ ಇದು ಜೀವನೋಪಾಯದ ಪ್ರಶ್ನೆಯೂ ಆಗಿರುತ್ತದೆ.

ಎಲ್ಲಿ ತೋರಿಸಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಬೇಕು. ಗ್ರಾಮದ ಆಶಾ ಕಾರ್ಯಕರ್ತೆಯ ನೆರವನ್ನು ಪಡೆಯಬಹುದು. ಮುಂದಿನ ಪರೀಕ್ಷೆಗಾಗಿ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಬ್ರಿಮ್ಸ್) ಬೋಧಕ ಆಸ್ಪತ್ರೆಗೆ ಕಳುಹಿಸಿಕೊಡಲಾಗುತ್ತದೆ.

ಕ್ಯಾನ್ಸರ್ ಚಿಕಿತ್ಸೆ ಎಂದರೆ ಸುಮಾರು 700 ಕಿ.ಮೀ. ದೂರದ ಬೆಂಗಳೂರಿಗೇ ಹೋಗಬೇಕೆಂದು ಅನೇಕರು ಹಿಂಜರಿಯುತ್ತಾರೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಉಪಕೇಂದ್ರವು ಕಲಬುರಗಿಯಲ್ಲಿದೆ. 2017ರಲ್ಲಿ ಆರಂಭವಾದ ಬೀದರ್–ಕಲಬುರಗಿ ರೈಲು ಮಾರ್ಗವು ಹುಮನಾಬಾದ್ ಮೂಲಕವೇ ಹಾದುಹೋಗುತ್ತದೆ. ಹೈದರಾಬಾದಿನಲ್ಲಿ ತೆಲಂಗಾಣ ಸರ್ಕಾರದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ವೆಚ್ಚದ ಸೌಲಭ್ಯವಿದೆ. ಪಡಿತರ ಚೀಟಿ, ಆಧಾರ್ ಚೀಟಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಹಾಗೂ ಹಿಂದಿನ ಎಲ್ಲ ವರದಿಗಳನ್ನು ಜೊತೆಯಲ್ಲಿ ಒಯ್ಯಬೇಕು. ಆರೋಗ್ಯ ಸಂಬಂಧಿ ಮಾಹಿತಿಗಾಗಿ 104 ಸಂಖ್ಯೆಯ ಆರೋಗ್ಯವಾಣಿಗೆ ಕರೆ ಮಾಡಬಹುದು.

ನೆನಪಿಡಬೇಕಾದ ಅಂಶಗಳು

- ನೋವಿಲ್ಲವೆಂಬುದು ಅಪಾಯವಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ.
- ನಾಲ್ಕು ವಾರಗಳಲ್ಲಿ ಮಾಯದ ಯಾವುದೇ ಹುಣ್ಣನ್ನು ವೈದ್ಯರಿಗೆ ತೋರಿಸಬೇಕು.
- ಅಂಗಾಲು, ಉಗುರು, ಹಳೆಯ ಸುಟ್ಟ ಕಲೆ ಮತ್ತು ನಡವನ್ನು ತಿಂಗಳಿಗೊಮ್ಮೆ ನೋಡಬೇಕು.
- ಬದಲಾಗುತ್ತಿರುವ ಮಚ್ಚೆಯನ್ನು ಸುಡಬಾರದು, ಕೀಳಬಾರದು, ಪರೀಕ್ಷಿಸಬೇಕು.
- ತೋರಿಸಿದ ಹತ್ತು ಕಲೆಗಳಲ್ಲಿ ಹತ್ತೂ ನಿರುಪದ್ರವಿ ಎಂದು ತಿಳಿದರೂ ಆಸ್ಪತ್ರೆಗೆ ಹೋದ ಶ್ರಮ ವ್ಯರ್ಥವಲ್ಲ.